ಮೇಷ್ಟ್ರು ಒಬ್ಬರೇ ಇರುವ ಊರು

‘ದೇಶ ಸುತ್ತು, ಕೋಶ ಓದು’ ಎಂದರು ನಮ್ಮ ಹಿರಿಯರು. ಈ ಎರಡನ್ನೂ ಒಟ್ಟಿಗೆ ಮಾಡಿದವರೆಂದರೆ ಹೊರದೇಶಕ್ಕೆ ಪಾಠ ಹೇಳಲು ಬಂದ ನಮ್ಮ ಮೇಷ್ಟ್ರುಗಳು. ಆದರೆ ದೇಶ ಸುತ್ತಿ, ಕೋಶ ಓದಿ ಮುಗಿದ ಮೇಲೆ ಸಂಜೆ ಕೂತು ನಾಲ್ಕು ಮಾತಾಡಲು ಜೊತೆ ಬೇಕಲ್ಲ! ಅದರ ಬಗ್ಗೆ ಗಾದೆ ಏನನ್ನೂ ಹೇಳುವುದಿಲ್ಲ. ಆ ಜೊತೆಯ ವಿಚಾರವನ್ನು ಸದಸ್ಯ ಬಂಧುಗಳ ಮುಂದಿಡೋಣವೆಂದು ಹೊರಟಿದ್ದೇವೆ.

ಕಾರ್ಖಾನೆ, ಕಂಪೆನಿಗಳಲ್ಲಿ ದುಡಿಯುವ ನಮ್ಮಂಥವರಿಗೆ ಈ ಕಷ್ಟ ಅಷ್ಟಾಗಿ ತಿಳಿಯದು. ಶಾಮ್‌ಬರ್ಗ್ 1956ರಲ್ಲಿ ಊರೆಂದು ದಾಖಲಾದಾಗ ಇಲ್ಲಿದ್ದವರು 130 ಜನ, ಸುತ್ತಲೂ ಹೊಲ. 1971ರಲ್ಲಿ ವುಡ್‌ಫೀಲ್ಡ್ ಮಾಲ್ ಬಂತು, ಅದೇ ದಶಕದಲ್ಲಿ ಮೊಟೊರೊಲಾ ಕಂಪೆನಿಯ ಕೇಂದ್ರ ಕಚೇರಿ ಬಂತು. ಇಂಜಿನಿಯರುಗಳು ಬಂದರು, ಅವರ ಹಿಂದೆ ಸಂಸಾರಗಳು ಬಂದವು. ಡೆಟ್ರಾಯಿಟಿನ ಕಡೆ ಇದೇ ಕೆಲಸವನ್ನು ಮೋಟಾರು ಕಾರಿನ ಕಾರ್ಖಾನೆಗಳು ಮಾಡಿದವು. ಕೆಲಸ ಒಂದೆಡೆ ಗುಂಪಾಗಿದ್ದರೆ ಜನರೂ ಗುಂಪಾಗುತ್ತಾರೆ. ಕನ್ನಡ ಕೂಟ ತಾನಾಗಿ ಹುಟ್ಟುತ್ತದೆ.

ಮೇಷ್ಟ್ರ ಕೆಲಸ ಹಾಗಲ್ಲ. ಒಂದು ಕಾಲೇಜಿನಲ್ಲಿ ಅವರ ವಿಷಯಕ್ಕೆ ಖಾಲಿ ಇರುವುದು ಒಂದೇ ಜಾಗ. ಅದು ಎಲ್ಲಿದೆಯೋ ಅಲ್ಲಿಗೆ ಹೋಗಬೇಕು: ಡಿಕಾಲ್ಬ್, ಕಲಮಝೂ, ಕಾರ್ಬನ್‌ಡೇಲ್. ಕಾರ್ಬನ್‌ಡೇಲ್ ನಮ್ಮ ಇಲಿನಾಯ್ ರಾಜ್ಯದಲ್ಲೇ ಇದೆಯೆನ್ನಿ. ಆದರೂ ಶಾಮ್‌ಬರ್ಗಿನಿಂದ 300 ಮೈಲಿಗೂ ಮಿಗಿಲು. ಹೆಚ್ಚುಕಡಿಮೆ ಬೆಂಗಳೂರಿನಿಂದ ಬೆಳಗಾವಿಗೆ ಹೋದಂತೆ! ಮೊದಲ ಐದಾರು ವರ್ಷ ‘ಟೆನ್ಯೂರ್’ ಎಂಬ ತೂಗುಗತ್ತಿ ಬೇರೆ. ಅದು ಸಿಕ್ಕರೆ ಕೆಲಸ ಖಾಯಂ. ಸಿಗದಿದ್ದರೆ ಸಾಮಾನ್ಯವಾಗಿ ಇನ್ನೊಂದು ವರ್ಷದೊಳಗೆ ಗಂಟುಮೂಟೆ ಕಟ್ಟಬೇಕು. ಬೇರೂರುವ ಮೊದಲೇ ಕೀಳಬೇಕಾದ ಸಂಸಾರ ನೆರೆಹೊರೆಯನ್ನು ಹೇಗೆ ಕಟ್ಟಿಕೊಂಡೀತು?

ಊರಿನಲ್ಲಾದರೆ ತರಕಾರಿ ಕೊಳ್ಳುವಾಗಲೂ ‘ನಮಸ್ಕಾರ ಮೇಷ್ಟ್ರೇ’ ಎನ್ನುವವರುಂಟು. ಇಲ್ಲಿ ದಿನವಿಡೀ ಮಾತಾಡುವುದೇ ಉದ್ಯೋಗ, ಆದರೆ ಅದರಲ್ಲಿ ಕನ್ನಡದ ಮಾತು ಒಂದೂ ಇರುವುದಿಲ್ಲ. ಕನ್ನಡ ಉಳಿಯುವುದು ಅಡುಗೆಮನೆಯಲ್ಲಿ ಮಾತ್ರ. ಮಕ್ಕಳು ಶಾಲೆಗೆ ಸೇರಿದ ಮೇಲೆ ಅಲ್ಲಿಯೂ ಅನುಮಾನ.

ಜೊತೆ ಸಿಕ್ಕರೆ ಏನಾದೀತು ಎಂಬುದಕ್ಕೆ ನಮ್ಮ ಶಿಕಾಗೋದಲ್ಲೇ ನಿದರ್ಶನವಿದೆ. ಎ. ಕೆ. ರಾಮಾನುಜನ್ ಮೈಸೂರಿನವರು. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. 1959ರಲ್ಲಿ ಅಮೆರಿಕಕ್ಕೆ ಬಂದರು; 1962ರಿಂದ 1993ರಲ್ಲಿ ತೀರಿಕೊಳ್ಳುವವರೆಗೂ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು. ‘ಹೊಕ್ಕುಳಲ್ಲಿ ಹೂವಿಲ್ಲ’ ಕವನ ಸಂಗ್ರಹ 1969ರಲ್ಲಿ ಅಚ್ಚಾಯಿತು. 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದ, 1976ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ದ ಅನುವಾದ ಬಂದವು. ಅವರಿಗೆ ಒಂದು ಅನುಕೂಲವಿತ್ತು. ಆ ವಿಶ್ವವಿದ್ಯಾನಿಲಯದಲ್ಲಿ ಭಾರತದ ಭಾಷೆಗಳನ್ನು ಓದುವವರ ದೊಡ್ಡ ಬಳಗವೇ ಇತ್ತು. ಭಾರತಕ್ಕೆ ಕಳಿಸಿದ ಗೋಧಿಯ ಬಾಬತ್ತು ಅಮೆರಿಕ ಸರ್ಕಾರದ ಲೆಕ್ಕದಲ್ಲಿ ಜಮೆಯಾದ ರೂಪಾಯಿಯಿಂದ 1962ರ ಮೊದಲ್ಗೊಂಡು ಭಾರತೀಯ ಪುಸ್ತಕಗಳನ್ನು ಕೊಂಡು ಇಲ್ಲಿನ ಲೈಬ್ರರಿಗಳಿಗೆ ಕಳಿಸುತ್ತಿದ್ದರು. ಗೋಧಿ ಅತ್ತ ಹೋಯಿತು, ಪುಸ್ತಕ ಇತ್ತ ಬಂತು!

1987–88ರಲ್ಲಿ ಗಿರೀಶ ಕಾರ್ನಾಡರು ಅದೇ ವಿಶ್ವವಿದ್ಯಾನಿಲಯಕ್ಕೆ ಸಂದರ್ಶಕ ಪ್ರಾಧ್ಯಾಪಕರಾಗಿ ಬಂದರು. ರಾಮಾನುಜನ್ನರಿಂದ ಹಿಂದೆಂದೋ ಕೇಳಿದ್ದ ಎರಡು ಜಾನಪದ ಕಥೆಗಳು ‘ನಾಗಮಂಡಲ’ ನಾಟಕಕ್ಕೆ ಆಧಾರವಾದವು. ಅದರ ಇಂಗ್ಲಿಷ್ ರೂಪ ಮೊದಲು ರಂಗಕ್ಕೇರಿದ್ದು ಅಲ್ಲಿಯೇ. 1993ರಲ್ಲಿ ಮಿನಿಯಾಪೊಲಿಸ್‌ನ ಗತ್ರಿ ಥಿಯೇಟರಿನವರೂ ಆಡಿದರು. ನಮ್ಮ ಹಳ್ಳಿಗಳ ಅಜ್ಜಿಯರು ಹೇಳುತ್ತಿದ್ದ ಕಥೆ ಮಿಚಿಗನ್ ಸರೋವರದ ದಂಡೆಗೆ ಬರಲು ಒಬ್ಬರು ಹೇಳಬೇಕಾಯಿತು, ಇನ್ನೊಬ್ಬರು ಕೇಳಬೇಕಾಯಿತು.

ನಾವು ರಸಾಯನ ಶಾಸ್ತ್ರದವರು. ಎರಡು ದ್ರವಗಳು ಬೇರೆ ಬೇರೆ ಸೀಸೆಯಲ್ಲಿ ನೂರು ವರ್ಷ ಕೂತರೂ ಏನೂ ಆಗದು. ಒಂದೇ ಪಾತ್ರೆಗೆ ಸುರಿದರೆ ತಾನೇ ಕ್ರಿಯೆ? ಒಂಟಿ ಊರುಗಳ ಮೇಷ್ಟ್ರುಗಳಿಗೆ ಆ ಪಾತ್ರೆಯನ್ನು ಒದಗಿಸಬಲ್ಲವರು ಕೂಟದ ಸಂಸಾರಗಳು. ಅವರು ಬಂದಾಗಲೆಲ್ಲ ಮಕ್ಕಳ ಭಾಷಣ ಸ್ಪರ್ಧೆಗೆ ತೀರ್ಪುಗಾರರನ್ನಾಗಿ ಕೂರಿಸುವುದು, ಸ್ಮರಣ ಸಂಚಿಕೆಯ ಕರಡು ತಿದ್ದಿಸುವುದು ಎಲ್ಲ ಕಡೆಯೂ ಕಾಣುವ ರೂಢಿ. ಅದು ಇನ್ನೊಂದು ಕ್ಲಾಸಾಯಿತೇ ಹೊರತು ಸ್ನೇಹವಾಗಲಿಲ್ಲ.

ನಮ್ಮ ಸೂಚನೆ ಸಣ್ಣದು. ಕಾಲೇಜಿನವರಿಗೆ ಬಿಡುವು ಸಿಗುವುದು ಮೇ ತಿಂಗಳ ಪರೀಕ್ಷೆಗಳಾದ ಮೇಲೆ. ಆಗ ಇಲ್ಲಿಯ ಒಂದು ಮನೆಯವರು ದೂರದ ಒಬ್ಬ ಮೇಷ್ಟ್ರ ಸಂಸಾರವನ್ನು ಎರಡು ದಿನ ಉಳಿಸಿಕೊಳ್ಳಲಿ. ಅದೇ ವಾರ ಡೆಟ್ರಾಯಿಟಿನ ಕಡೆಯ ಮೇಷ್ಟ್ರೊಬ್ಬರನ್ನೂ ಕರೆಯೋಣ. ಕಾರ್ಯಕ್ರಮ, ಭಾಷಣ, ಹಾರ ಯಾವುದೂ ಬೇಡ. ಹುಳಿ, ಅನ್ನ, ಹಪ್ಪಳ ಸಾಕು. ಚಳಿಗಾಲದಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿದಾಗ ಭಾನುವಾರಕ್ಕೊಮ್ಮೆ ಫೋನು ಮಾಡೋಣ. ಈಗ ಅದರಲ್ಲೇ ಮುಖವೂ ಕಾಣುತ್ತದಷ್ಟೆ. ಡೆಟ್ರಾಯಿಟಿನ ಗಡಿಯಾರ ನಮಗಿಂತ ಒಂದು ಗಂಟೆ ಮುಂದಿದೆ ಎಂಬುದನ್ನು ಮರೆತು ಅವರ ನಿದ್ದೆ ಕೆಡಿಸದಿದ್ದರಾಯಿತು.

ಬರುವ ಮೇ ತಿಂಗಳಿಗೆ ಮನೆಯಲ್ಲಿ ಒಂದು ಕೋಣೆ ಬಿಟ್ಟುಕೊಡಬಲ್ಲವರು ದಯವಿಟ್ಟು ಕೂಟದ ಕಾರ್ಯದರ್ಶಿಗಳಿಗೆ ಹೆಸರು ತಿಳಿಸಬೇಕಾಗಿ ಕೋರುತ್ತೇವೆ.