ನಾಲ್ಕು ದಿನದ ರಜೆ, ಎರಡು ದಿನದ ತಿರುಗಾಟ

ರಜೆ ಬಂತೆಂದರೆ ಮಕ್ಕಳಿಗೆ ಹಬ್ಬ, ಯಜಮಾನರಿಗೆ ಉತ್ಸಾಹ. ಮನೆಯಾಕೆಗೆ? ಬಟ್ಟೆ ಜೋಡಿಸುವುದು, ಬುತ್ತಿ ಕಟ್ಟುವುದು, ಹಾಲಿನವನಿಗೆ ಬೇಡವೆನ್ನುವುದು, ಅತ್ತೆಯವರ ಮಾತ್ರೆ ಮರೆಯದಿರುವುದು! ಪ್ರವಾಸ ಮುಗಿಸಿ ಬಂದ ಮೇಲೆ "ಏನೇನು ನೋಡಿದಿರಿ?" ಎಂದು ಪಕ್ಕದ ಮನೆಯವರು ಕೇಳಿದರೆ ಮಕ್ಕಳು ಪಟ್ಟಿ ಒಪ್ಪಿಸುತ್ತಾರೆ. ನಾವು ನೋಡಿದ್ದು ಮಾತ್ರ ಚೀಲ, ನೀರಿನ ಬಾಟಲಿ ಮತ್ತು ಚಪ್ಪಲಿ ಬಿಡುವ ಜಾಗ.

ಹತ್ತು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಹೀಗೇ ಆಯಿತು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ತೋರಿಸುವ ಬಸ್ಸು ಹತ್ತಿದೆವು. ಶ್ರವಣಬೆಳಗೊಳ ಸೇರಿದಾಗ ಸಂಜೆ ನಾಲ್ಕೂವರೆ. "ಒಂದು ಗಂಟೆ ಟೈಮು, ಬೇಗ ಬೇಗ!" ಎಂದರು ಬಸ್ಸಿನವರು. ಮಗಳಿಗಾಗ ಎರಡು ವರ್ಷ, ಅತ್ತೆಯವರ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. "ನೀವು ಹೋಗ್ಬನ್ನಿ. ನಾನು ಮಗೂನ ನೋಡ್ಕೊಂಡು ಕೂತಿರ್ತೀನಿ. ಇನ್ನೊಂದು ಸಲ ಬಂದರಾಯ್ತು" ಎಂದರು ಅತ್ತೆ. ಬಸ್ಸಿನ ಕಿಟಕಿಯಿಂದ ದೂರಕ್ಕೆ ಕಂಡ ಗೊಮ್ಮಟನ ತಲೆ, ಅಷ್ಟೇ ಅವರ ಪಾಲಿಗೆ ಬಂದ ದರ್ಶನ.

ಆ 'ಇನ್ನೊಂದು ಸಲ' ಬರಲು ಹತ್ತು ವರ್ಷ ಹಿಡಿಯಿತು. ಈಗ ಅವರಿಗೆ ಎಪ್ಪತ್ತೊಂದು, ಮೊಣಕಾಲು ನೋವು ಬೇರೆ. ಕಳೆದ ಯುಗಾದಿಯ ದಿನ ಒಬ್ಬಟ್ಟು ತಟ್ಟುತ್ತಾ ಮೆಲ್ಲಗೆ, "ಕಾಲು ಗಟ್ಟಿ ಇದ್ದಾಗಲೇ ಒಂದ್ಸಲ ಬೆಟ್ಟ ಹತ್ತಿಬಿಡಬೇಕಿತ್ತು ಕಣೆ" ಎಂದರು. ದೂರಲಿಲ್ಲ, ನಿಟ್ಟುಸಿರು ಬಿಡಲಿಲ್ಲ. ನನಗೆ ಮಾತ್ರ ಕೈಯಲ್ಲಿದ್ದ ಕಣಕ ಕೈಯಲ್ಲೇ ಉಳಿಯಿತು.

ಯೋಜನೆ ಹಾಕಿದ್ದು ಹೀಗೆ

ಸಿಕ್ಕಿದ್ದು ನಾಲ್ಕೇ ದಿನದ ರಜೆ. ಹಾಸನದಲ್ಲಿ ಒಂದೇ ಲಾಡ್ಜಿನಲ್ಲಿ ಉಳಿಯುವುದು ಎಂದು ಮೊದಲೇ ತೀರ್ಮಾನಿಸಿದೆ. ದಿನಕ್ಕೊಂದು ಊರಿನಲ್ಲಿ ಗಂಟು ಬಿಚ್ಚಿ ಗಂಟು ಕಟ್ಟುವುದರಲ್ಲೇ ಹೆಂಗಸರ ಅರ್ಧ ರಜೆ ಮುಗಿದುಹೋಗುತ್ತದೆ. ಹಾಸನದಿಂದ ಬೇಲೂರು ಸುಮಾರು 40 ಕಿಲೋಮೀಟರ್, ಅಲ್ಲಿಂದ ಹಳೇಬೀಡು 16, ಹಳೇಬೀಡಿನಿಂದ ಮತ್ತೆ ಹಾಸನಕ್ಕೆ 30ರ ಸುಮಾರು. ಇದು ಒಂದು ಸುತ್ತು. ಶ್ರವಣಬೆಳಗೊಳ ಇನ್ನೊಂದು ದಿಕ್ಕಿಗೆ, 50 ಕಿಲೋಮೀಟರ್. ಅದು ನಾವು ಬೆಂಗಳೂರಿಗೆ ಮರಳುವ ಕಡೆಗೇ ಇದೆ.

ಹೀಗಾಗಿ ಮೊದಲ ದಿನ ಪ್ರಯಾಣ ಮತ್ತು ವಿಶ್ರಾಂತಿ, ಎರಡನೆಯ ದಿನ ಬೇಲೂರು–ಹಳೇಬೀಡು, ಮೂರನೆಯ ದಿನ ಪೂರ್ತಿ ಬಿಡುವು, ನಾಲ್ಕನೆಯ ದಿನ ಬೆಳಗಿನ ಜಾವ ಗಂಟುಮೂಟೆ ಸಮೇತ ಹೊರಟು ಗೊಮ್ಮಟನನ್ನು ನೋಡಿಕೊಂಡು ಮನೆಗೆ.

ಮೂರನೆಯ ದಿನದ ಬಗ್ಗೆ ನಮ್ಮವರದು ತಕರಾರು. "ಬಂದದ್ದು ಬಂದಿರ್ತೀವಿ, ಸಕಲೇಶಪುರದ ಹತ್ತಿರ ಮಂಜರಾಬಾದ್ ಕೋಟೆ ಇದೆ, ಟಿಪ್ಪು 1792ರಲ್ಲಿ ನಕ್ಷತ್ರದ ಆಕಾರದಲ್ಲಿ ಕಟ್ಟಿಸಿದ್ದು. ಅದನ್ನೂ ನೋಡಿಬಿಡೋಣ" ಎಂದರು. ಕೋಟೆ ಚೆಂದವೇ ಇರಬಹುದು. ಆದರೆ ಈ 'ಬಂದದ್ದು ಬಂದಿದ್ದೀವಿ' ಎಂಬ ಮಾತೇ ಹತ್ತು ವರ್ಷದ ಹಿಂದೆ ಅತ್ತೆಯವರನ್ನು ಬೆಟ್ಟದ ಕೆಳಗೆ ಕೂರಿಸಿದ್ದು! ಹಾಗೆಂದು ನೆನಪಿಸಿದೆ. ಅವರು ಮತ್ತೆ ಮಾತಾಡಲಿಲ್ಲ.

ಹಾದಿಯ ಬುತ್ತಿ

ಪ್ರವಾಸವೆಂದರೆ ಹಿಂದಿನ ರಾತ್ರಿಯೆಲ್ಲ ಒಲೆಯ ಮುಂದೆ ನಿಲ್ಲಬೇಕೆಂದೇನಿಲ್ಲ. ನಾನು ಮಾಡಿಕೊಂಡದ್ದು ಇಷ್ಟೇ: ಪುಳಿಯೋಗರೆ ಗೊಜ್ಜು ಒಂದು ಬಾಟಲಿ, ಚಟ್ನಿಪುಡಿ, ಕೋಡುಬಳೆ, ಹುರಿದ ಅವಲಕ್ಕಿ. ಗೊಜ್ಜನ್ನು ಎಣ್ಣೆ ಬಿಡುವವರೆಗೆ ಕುದಿಸಿ, ಪೂರ್ತಿ ಆರಿದ ಮೇಲೆ ಒಣಗಿದ ಬಾಟಲಿಗೆ ತುಂಬಿದರೆ ನಾಲ್ಕು ದಿನಕ್ಕೆ ಏನೂ ಆಗುವುದಿಲ್ಲ. ಹೋಟೆಲಿನಲ್ಲಿ ಬರೀ ಅನ್ನ ಕಟ್ಟಿಸಿಕೊಂಡು ಗೊಜ್ಜು ಕಲಸಿದರೆ ಊಟ ಸಿದ್ಧ.

ಮೊದಲ ದಿನದ ದಾರಿಗೆ ಮೊಸರನ್ನ. ಅನ್ನವನ್ನು ಮೆತ್ತಗೆ ಮಾಡಿ, ಬಿಸಿ ಇರುವಾಗಲೇ ಮಸೆದು ಧಾರಾಳವಾಗಿ ಹಾಲು ಹಾಕಿ. ಉಗುರುಬೆಚ್ಚಗಾದ ಮೇಲೆ ಎರಡೇ ಚಮಚ ಮೊಸರು, ಉಪ್ಪು, ಶುಂಠಿ, ಕರಿಬೇವಿನ ಒಗ್ಗರಣೆ. ಮಧ್ಯಾಹ್ನದ ಹೊತ್ತಿಗೆ ಡಬ್ಬಿಯಲ್ಲೇ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಬರುವುದಿಲ್ಲ.

ಶಾಂತಲೆಯನ್ನು ಹುಡುಕುವ ಆಟ

ಮಕ್ಕಳಿಗೆ ಕಲ್ಲಿನ ದೇವಸ್ಥಾನ ಅರ್ಧ ಗಂಟೆಗೇ ಬೇಸರ. ಇದಕ್ಕೆ ಅತ್ತೆಯವರೇ ಉಪಾಯ ಹುಡುಕಿದರು. ಅವರು ಹುಡುಗಿಯಾಗಿದ್ದಾಗ ಕೆ.ವಿ. ಅಯ್ಯರ್ ಅವರ 'ಶಾಂತಲಾ' ಕಾದಂಬರಿ ಓದಿ ಅತ್ತವರು. "ಮೂರು ಊರಲ್ಲೂ ಶಾಂತಲೆ ಇದಾಳೆ. ಎಲ್ಲೆಲ್ಲಿ ಅಂತ ಹುಡುಕಿ ನೋಡೋಣ" ಎಂದು ಮೊಮ್ಮಕ್ಕಳಿಗೆ ಪಂದ್ಯ ಕಟ್ಟಿದರು.

ಬೇಲೂರನ್ನು ಬೆಳಿಗ್ಗೆಯೇ ನೋಡಬೇಕು. ಅಲ್ಲಿ ಈಗಲೂ ನಿತ್ಯಪೂಜೆ ನಡೆಯುತ್ತದೆ, ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಸ್ವಲ್ಪ ಹೊತ್ತು ಹಾಕಿರುತ್ತದೆ. ಬಿಸಿಲೇರಿದರೆ ಅಂಗಳದ ಚಪ್ಪಡಿ ಬರಿಗಾಲನ್ನು ಸುಡುತ್ತದೆ. ಚೋಳರನ್ನು ಗೆದ್ದ ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಇಲ್ಲಿ ಪ್ರತಿಷ್ಠೆ ಮಾಡಿಸಿದ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದಂತೆ. ಅದಕ್ಕೇ ಶಿಲ್ಪಿಗಳ ಉಳಿಗೆ ಬಳೆ, ಜಡೆಬಿಲ್ಲೆ, ಸರದ ಮಣಿ ಎಲ್ಲವೂ ಒಗ್ಗಿವೆ. ಹೊರಗೆ ಸೂರಿನ ಕೆಳಗೆ 38 ಮದನಿಕೆಯರು. ಕನ್ನಡಿ ಹಿಡಿದ ದರ್ಪಣಸುಂದರಿ ಶಾಂತಲೆಯೇ ಎಂಬುದು ಜನರ ಮಾತು. ಮಗಳು ಬಹಳ ಹೊತ್ತು ಅವಳ ಜಡೆಯನ್ನೇ ನೋಡುತ್ತಿದ್ದಳು.

ನಿಜವಾದ ಗುರುತು ಅದೇ ಅಂಗಳದಲ್ಲಿದೆ. ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದವಳು ಶಾಂತಲಾದೇವಿ. ದೊಡ್ಡ ಗುಡಿಯ ಭರದಲ್ಲಿ ಬಂದವರಲ್ಲಿ ಅನೇಕರು ಅತ್ತ ಹೋಗುವುದೇ ಇಲ್ಲ. ನಾವೂ ಹತ್ತು ವರ್ಷದ ಹಿಂದೆ ಹೋಗಿರಲಿಲ್ಲ!

ಬೇಲೂರಿನಲ್ಲೇ ಊಟ ಮುಗಿಸಿ, ಮಧ್ಯಾಹ್ನದ ಮೇಲೆ ಹಳೇಬೀಡು. ಇದು ಹೊಯ್ಸಳರ ರಾಜಧಾನಿ ದೋರಸಮುದ್ರ. 1311ರಲ್ಲಿ ಮಲಿಕ್ ಕಾಫೂರನ ದಂಡು ಬಂದ ಮೇಲೆ ಅದರ ವೈಭವ ಮೊದಲಿನಂತೆ ಉಳಿಯಲಿಲ್ಲ. ಇಲ್ಲಿ ಅವಳಿ ಗುಡಿಗಳು. ಒಂದು ಹೊಯ್ಸಳೇಶ್ವರ, ಇನ್ನೊಂದು ಶಾಂತಲೇಶ್ವರ. "ಸಿಕ್ಕಿದಳು!" ಎಂದು ಮಗ ಕೂಗಿದ.

ಗುಡಿಯ ಮುಖ ಪೂರ್ವಕ್ಕೆ. ಹಿಂದಿನ ಗೋಡೆಯ ಮೇಲೆ ಮಧ್ಯಾಹ್ನದ ಬಿಸಿಲು ಬೀಳುವುದರಿಂದ ಕೆತ್ತನೆ ಎದ್ದು ಕಾಣುತ್ತದೆ. ಕೆಳಗಿನಿಂದ ಮೇಲಕ್ಕೆ ನೋಡಿ: ಆನೆಯ ಸಾಲು, ಸಿಂಹದ ಸಾಲು, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಆಮೇಲೆ ರಾಮಾಯಣ–ಮಹಾಭಾರತದ ಕಥೆಗಳು, ಮಕರ, ಹಂಸ. ಪೂರ್ತಿ ನೋಡಲು ಹೊರಟರೆ ದಿನ ಸಾಲದು. ನಾವು ಒಂದೇ ಒಂದು ಗೋಡೆ ಆರಿಸಿಕೊಂಡು ಚೆನ್ನಾಗಿ ನೋಡಿದೆವು. ಅತ್ತೆಯವರು ನೆರಳಿನಲ್ಲಿ ಕುಳಿತೇ "ಆ ಸಾಲಿನಲ್ಲಿ ಏನು ಕಾಣ್ತಿದೆ?" ಎಂದು ಕೇಳುವುದು, ಮಕ್ಕಳು ಓಡಿಹೋಗಿ ನೋಡಿ ಬಂದು ಹೇಳುವುದು. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.

ಹತ್ತಿರದ ಬಸದಿಗಳನ್ನು ಬಿಡಬೇಡಿ. ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯಂತೆ ನುಣುಪು. ಜನಸಂದಣಿ ಕಡಿಮೆ, ತಂಪು ಹೆಚ್ಚು.

ಬಿಡುವಿನ ದಿನ

ಮೂರನೆಯ ದಿನ ಎಂಟಕ್ಕೆ ಎದ್ದೆ. ಮದುವೆಯಾದ ಮೇಲೆ ಹಾಗೆ ಎದ್ದ ನೆನಪೇ ನನಗಿಲ್ಲ. ದೋಸೆ ಯಾರೋ ಹುಯ್ದು ಕೊಟ್ಟರು, ತಟ್ಟೆ ಯಾರೋ ತೊಳೆದರು. ಅತ್ತೆಯವರ ಕಾಲಿಗೆ ಎಣ್ಣೆ ಹಚ್ಚಿ ಬಿಸಿನೀರಿನ ಶಾಖ ಕೊಟ್ಟೆ. ಸಂಜೆ ಎಲ್ಲರೂ ಕೂತು ಪಗಡೆ ಆಡಿದೆವು. ಕೋಟೆಯ ಮಾತೆತ್ತಿದ ನಮ್ಮವರೂ ಮಧ್ಯಾಹ್ನ ಎರಡು ಗಂಟೆ ಗೊರಕೆ ಹೊಡೆದರು! ಈ ದಿನ ಇರದಿದ್ದರೆ ಮರುದಿನದ ಬೆಟ್ಟ ನಮಗೆ ದಕ್ಕುತ್ತಿರಲಿಲ್ಲ.

ಗುಳ್ಳಕಾಯಜ್ಜಿಯ ಮುಂದೆ

ನಾಲ್ಕನೆಯ ದಿನ ಐದೂವರೆಗೆ ಹೊರಟು ಏಳಕ್ಕೆ ಶ್ರವಣಬೆಳಗೊಳ ಸೇರಿದೆವು. ವಿಂಧ್ಯಗಿರಿಗೆ, ಅಂದರೆ ದೊಡ್ಡಬೆಟ್ಟಕ್ಕೆ, ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲು. ಚಪ್ಪಲಿ ಕೆಳಗೇ ಬಿಡಬೇಕು. ಬಿಸಿಲೇರುವ ಮೊದಲೇ ಹತ್ತಿ ಇಳಿಯುವುದು ಜಾಣತನ. ಮಕ್ಕಳಿಗೆ, ಹಿರಿಯರಿಗೆ ದಪ್ಪ ಕಾಲುಚೀಲ ಇರಲಿ.

ವಯಸ್ಸಾದವರಿಗೆ ಡೋಲಿ ಸಿಗುತ್ತದೆ. ಅತ್ತೆಯವರು ಸುತರಾಂ ಒಪ್ಪಲಿಲ್ಲ. "ನಾಲ್ಕು ಜನರ ಹೆಗಲ ಮೇಲೆ ಹೋಗೋದು ಒಂದೇ ಸಲ ಸಾಕು ಕಣಪ್ಪ" ಎಂದು ಮಗನಿಗೆ ಹೇಳಿ ಮೆಟ್ಟಿಲಿಗೆ ಕಾಲಿಟ್ಟರು. ಹತ್ತು ಮೆಟ್ಟಿಲು ಹತ್ತುವುದು, ಕೂರುವುದು. ನೂರು ಮೆಟ್ಟಿಲಾಗುವ ಹೊತ್ತಿಗೆ ಮುಖ ಬಾಡಿತು. "ನೀವು ಹೋಗ್ಬನ್ನಿ..." ಎಂದು ಶುರುಮಾಡಿದರು. ಅದೇ ಹಳೆಯ ಮಾತು!

ನಾನು ಪಕ್ಕದಲ್ಲಿ ಕೂತುಬಿಟ್ಟೆ. "ಅತ್ತೆ, ನೀವು ಬರದೆ ನಾವ್ಯಾರೂ ಹತ್ತೋಲ್ಲ. ನಮಗೇನೂ ಅವಸರ ಇಲ್ಲ" ಎಂದೆ. ಮೊಮ್ಮಗಳು ಏನೂ ಹೇಳದೆ ಅಜ್ಜಿಯ ಕೈ ಹಿಡಿದುಕೊಂಡಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೂಂ, ಕರೀರಿ ಅವರನ್ನ. ದೇವರ ಹತ್ತಿರ ಹೋಗೋಕೆ ತಾನೆ" ಎಂದರು.

ಬೆಟ್ಟದ ಮೇಲೆ, ಗಂಗರ ಮಂತ್ರಿ ಚಾವುಂಡರಾಯ 981ರ ಸುಮಾರಿಗೆ ಮಾಡಿಸಿದ 58 ಅಡಿಯ ಗೊಮ್ಮಟ. ತೊಡೆಯವರೆಗೆ ಹುತ್ತ ಮತ್ತು ಬಳ್ಳಿಯ ಆಸರೆ, ಅಲ್ಲಿಂದ ಮೇಲೆ ಯಾವ ಆಸರೆಯೂ ಇಲ್ಲ. ಅತ್ತೆಯವರು ತಲೆಯೆತ್ತಿ ನೋಡಿದರು, ಕೈ ಮುಗಿದರು, ಮಾತಾಡಲಿಲ್ಲ. ಆಮೇಲೆ ಎದುರಿಗೆ ನಿಂತ ಗುಳ್ಳಕಾಯಜ್ಜಿಯ ಪುಟ್ಟ ವಿಗ್ರಹದ ಬಳಿ ಹೋಗಿ ಮಕ್ಕಳಿಗೆ ಕಥೆ ಹೇಳಿದರು. ಚಾವುಂಡರಾಯ ಕೊಡಗಟ್ಟಲೆ ಹಾಲೆರೆದರೂ ಅಭಿಷೇಕ ಗೊಮ್ಮಟನ ಪಾದ ಮುಟ್ಟಲಿಲ್ಲವಂತೆ. ಬಡ ಮುದುಕಿಯೊಬ್ಬಳು ಗುಳ್ಳದಕಾಯಿಯಲ್ಲಿ ತಂದ ಚೂರು ಹಾಲು ಇಡೀ ಮೂರ್ತಿಯನ್ನು ತೋಯಿಸಿ ಬೆಟ್ಟದ ಕೆಳಗೂ ಹರಿಯಿತಂತೆ. ಕಥೆ ಮುಗಿಸಿ, ಅಜ್ಜಿಯ ವಿಗ್ರಹ ನೋಡುತ್ತಾ, "ಪಾಪ, ಇವಳಿಗೂ ಹತ್ತೋವಾಗ ಮೊಣಕಾಲು ನೋವು ಬಂದಿರ್ಬೇಕು" ಎಂದರು.

ಕೆಳಗಿಳಿದ ಮೇಲೆ ಶಾಂತಲೆಯ ಕೊನೆಯ ಗುರುತು ಬಾಕಿ ಇತ್ತು. ಎದುರಿನ ಚಂದ್ರಗಿರಿ, ಚಿಕ್ಕಬೆಟ್ಟ. ಅಲ್ಲಿ 1123ರಲ್ಲಿ ಅವಳು ಕಟ್ಟಿಸಿದ ಸವತಿಗಂಧವಾರಣ ಬಸದಿ ಇದೆ. ಸವತಿಯರ ಪಾಲಿಗೆ ಮದ್ದಾನೆ ಎಂಬುದು ರಾಣಿಗಿದ್ದ ಬಿರುದು! ತಾಯಿ ಮಾಚಿಕಬ್ಬೆ, ಮಗಳು ಸತ್ತ ಮೇಲೆ ಇದೇ ಶ್ರವಣಬೆಳಗೊಳದಲ್ಲಿ ಸಲ್ಲೇಖನ ವ್ರತ ಹಿಡಿದು ಪ್ರಾಣಬಿಟ್ಟಳೆಂದು ಶಾಸನ ಹೇಳುತ್ತದೆ. ಈ ಬೆಟ್ಟಕ್ಕೆ ನಾನು, ಮಗಳು ಇಬ್ಬರೇ ಹೋದೆವು. ನಮ್ಮವರು, ಮಗ ಮತ್ತು ಅತ್ತೆಯವರು ಎಳನೀರು ಕುಡಿಯುತ್ತಾ ಕೆಳಗೆ ಕುಳಿತಿದ್ದರು. ಈ ಸಲ ಚೀಲಗಳನ್ನು ನೋಡಿಕೊಂಡವರು ನಮ್ಮವರು!

ಹೊರಡುವ ಮುನ್ನ

* ಇರುವ ದಿನಗಳಲ್ಲಿ ಅರ್ಧ ಮಾತ್ರ ತಿರುಗಾಟಕ್ಕೆ. ಎರಡು ತಿರುಗಾಟದ ನಡುವೆ ಒಂದು ದಿನ ಬಿಡುವು.
* ಉಳಿಯುವ ಊರು ಒಂದೇ ಇರಲಿ. ಮರಳುವ ದಾರಿಯ ಜಾಗವನ್ನು ಕೊನೆಗೆ ಇಟ್ಟುಕೊಳ್ಳಿ.
* ಬರಿಗಾಲಲ್ಲಿ ನಡೆಯುವ ಜಾಗ ಬೆಳಿಗ್ಗೆ, ನೆರಳು ಸಿಗುವ ಜಾಗ ಮಧ್ಯಾಹ್ನ.
* ಚೀಲ ಕಾಯುವ ಸರದಿ ಎಲ್ಲರಿಗೂ ಬರಲಿ.
* ಎಲ್ಲಕ್ಕಿಂತ ಮೊದಲು, ಮನೆಯ ಹಿರಿಯರನ್ನು "ನೀವೇನು ನೋಡಬೇಕು?" ಎಂದು ಕೇಳಿ. ಅದನ್ನೇ ಮೊದಲು ಬರೆದುಕೊಂಡು, ಉಳಿದದ್ದನ್ನು ಅದರ ಸುತ್ತ ಹೊಂದಿಸಿ.

ಊರಿಗೆ ಬಂದ ಮರುದಿನ ಪಕ್ಕದ ಮನೆಯವರು "ಏನೇನು ನೋಡಿದಿರಿ?" ಎಂದು ಕೇಳಿದರು. ಈ ಸಲ ಮಕ್ಕಳಿಗಿಂತ ಮೊದಲು ಬಾಯಿಬಿಟ್ಟವರು ನಮ್ಮ ಅತ್ತೆ.