ಪಿನ್ನು, ಪೆನ್ನು ಮತ್ತು ಪ್ಯಾಸಿವ್ ವಾಯ್ಸ್

ಪರೀಕ್ಷೆಗೆಂದು ಉರು ಹೊಡೆಯುವ ವ್ಯಾಕರಣವನ್ನು ಅಡುಗೆಮನೆಯ ಸಾಮಾನುಗಳಿಂದಲೇ ಕಲಿಯಬಹುದು. ಅದಕ್ಕೆ ಅಪ್ಪ ಅಮ್ಮನಿಗೆ ಇಂಗ್ಲಿಷ್ ಬರಲೇಬೇಕೆಂದಿಲ್ಲ.

‘ರಾಮ ಕಿಲ್ಡ್ ರಾವಣ’ ಎಂಬ ವಾಕ್ಯವನ್ನು ‘ರಾವಣ ವಾಸ್ ಕಿಲ್ಡ್ ಬೈ ರಾಮ’ ಎಂದು ತಿರುಗಿಸಿ ಬರೆಯದೆ ಹೈಸ್ಕೂಲು ದಾಟಿದವರು ನಮ್ಮಲ್ಲಿ ಅಪರೂಪ. ಕರ್ಮವನ್ನು ಮುಂದಕ್ಕೆ ತಾ, ಕರ್ತೃವನ್ನು ಹಿಂದಕ್ಕೆ ಕಳಿಸು, ನಡುವೆ ‘ವಾಸ್’ ಹಾಕು, ‘ಬೈ’ ಮರೆಯಬೇಡ. ಇಷ್ಟು ಮಂತ್ರ ಬಾಯಿಗೆ ಬಂದರೆ ಅಂಕ ಕೈಗೆ ಬಂದಂತೆಯೇ. ಆದರೆ ಹಾಗೆ ಅಂಕ ಗಳಿಸಿದ ಹುಡುಗನನ್ನೇ ಕರೆದು, ‘ನಿಮ್ಮ ಮನೆಯ ಪ್ರೆಷರ್ ಕುಕ್ಕರ್ ಬಗ್ಗೆ ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆಯಪ್ಪ’ ಎಂದರೆ ಪೆನ್ನು ಅಲ್ಲೇ ನಿಂತುಬಿಡುತ್ತದೆ.

ಇದರ ಬಿಸಿ ತಟ್ಟುವುದು ಹತ್ತನೆಯ ತರಗತಿಯಲ್ಲಲ್ಲ, ಅದರ ಮುಂದಿನ ವರ್ಷ. ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ಮಗು ಲ್ಯಾಬ್ ರೆಕಾರ್ಡ್ ಬರೆಯಲು ಕೂತಾಗ ಪುಟದ ತುಂಬ ಇಂಥ ವಾಕ್ಯಗಳೇ ಎದುರಾಗುತ್ತವೆ: ‘ದಿ ಸೊಲ್ಯೂಷನ್ ವಾಸ್ ಹೀಟೆಡ್’, ‘ದಿ ರೀಡಿಂಗ್ಸ್ ವರ್ ನೋಟೆಡ್’. ಇಲ್ಲಿ ರಾಮನೂ ಇಲ್ಲ, ರಾವಣನೂ ಇಲ್ಲ. ತಿರುಗಿಸಲು ಮೂಲ ವಾಕ್ಯವೇ ಇಲ್ಲ. ವಿಷಯ ಚೆನ್ನಾಗಿ ತಿಳಿದ ಮಗುವೂ ‘ನನಗೆ ಇಂಗ್ಲಿಷ್ ಬರಲ್ಲ’ ಎಂದು ಕುಗ್ಗುವುದು ಇಂಥಲ್ಲೇ. ಹಾಗಾದರೆ ಪ್ಯಾಸಿವ್ ವಾಯ್ಸ್ ಇರುವುದಾದರೂ ಏತಕ್ಕೆ? ನಾವು ದಿನವೂ ಕೈಯಲ್ಲಿ ಹಿಡಿಯುವ ವಸ್ತುಗಳನ್ನೇ ಕೇಳೋಣ.

(ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ವಿದ್ಯಾರ್ಥಿಗಳು ಓದುತ್ತ ಹೋದಂತೆ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡರೆ ಅರ್ಧ ಪಾಠ ಮುಗಿದಂತೆ.)

ಮಾತು ಯಾರ ಬಗ್ಗೆ?

ಸೀರೆಯ ಸೆರಗಿಗೆ ಚುಚ್ಚುವ ಸೇಫ್ಟಿ ಪಿನ್ನನ್ನು ತೆಗೆದುಕೊಳ್ಳಿ. ಅಮೆರಿಕದ ನ್ಯೂಯಾರ್ಕಿನಲ್ಲಿದ್ದ ವಾಲ್ಟರ್ ಹಂಟ್ ಎಂಬಾತ 1849ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ತೀರಿಸಬೇಕಾಗಿದ್ದ ಸಾಲ ಬರೀ 15 ಡಾಲರ್. ಅದಕ್ಕಾಗಿ ಪೇಟೆಂಟಿನ ಹಕ್ಕನ್ನೇ 400 ಡಾಲರಿಗೆ ಮಾರಿಬಿಟ್ಟ ಎಂಬ ಕಥೆ ಪ್ರಸಿದ್ಧವಾಗಿದೆ. ಪಿನ್ನಿನಿಂದ ಲಾಭ ಬಂದದ್ದು ಕೊಂಡವರಿಗೆ.

ಈಗ ಎರಡು ಪ್ರಬಂಧಗಳನ್ನು ಊಹಿಸಿಕೊಳ್ಳಿ. ಒಂದರ ಹೆಸರು ‘ವಾಲ್ಟರ್ ಹಂಟ್’. ಅದರಲ್ಲಿ ‘ಹಂಟ್ ಇನ್ವೆಂಟೆಡ್ ದಿ ಸೇಫ್ಟಿ ಪಿನ್. ಹಿ ಸೋಲ್ಡ್ ಹಿಸ್ ಪೇಟೆಂಟ್’ ಎಂದು ಬರೆಯುವುದು ಸರಿ. ಮಾತು ಹಂಟ್‌ನ ಬಗ್ಗೆ, ಆದ್ದರಿಂದ ವಾಕ್ಯದ ತಲೆಯಲ್ಲಿ ಹಂಟ್. ಇದು ಆಕ್ಟಿವ್ ವಾಯ್ಸ್. ಇನ್ನೊಂದರ ಹೆಸರು ‘ಸೇಫ್ಟಿ ಪಿನ್’. ಅಲ್ಲಿ ಪಿನ್ನೇ ತಲೆಯಲ್ಲಿರಬೇಕು: ‘ದಿ ಸೇಫ್ಟಿ ಪಿನ್ ವಾಸ್ ಇನ್ವೆಂಟೆಡ್ ಇನ್ 1849. ಇಟ್ ಈಸ್ ಮೇಡ್ ಆಫ್ ಸ್ಟೀಲ್. ಇಟ್ ಈಸ್ ಸೋಲ್ಡ್ ಇನ್ ಎವ್ರಿ ಶಾಪ್.’ ಇದು ಪ್ಯಾಸಿವ್.

ಸೂತ್ರ ಇಷ್ಟೇ. ಬರೆಯುವ ಮೊದಲು ‘ಮಾತು ಯಾರ ಬಗ್ಗೆ?’ ಎಂದು ಕೇಳಿಕೊಳ್ಳಿ. ಉತ್ತರ ಮಾಡಿದವನಾದರೆ ಆಕ್ಟಿವ್. ಮಾಡಿಸಿಕೊಂಡ ವಸ್ತುವಾದರೆ ಪ್ಯಾಸಿವ್. ಒಂದನ್ನು ಇನ್ನೊಂದಕ್ಕೆ ತಿರುಗಿಸುವುದು ಪರೀಕ್ಷೆಯ ಕಸರತ್ತು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದೇ ಭಾಷೆ.

ಕನ್ನಡದ ಮಗುವಿಗೆ ಇದು ಹೊಸತಲ್ಲ

ಕನ್ನಡ ವ್ಯಾಕರಣದಲ್ಲಿ ಇದಕ್ಕೆ ಕರ್ಮಣಿ ಪ್ರಯೋಗ ಎನ್ನುತ್ತೇವೆ: ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’. ಆದರೆ ‘ಅಮ್ಮನಿಂದ ಅನ್ನವು ಮಾಡಲ್ಪಟ್ಟಿತು’ ಎಂದು ಯಾವ ಮನೆಯಲ್ಲಾದರೂ ಮಾತಾಡುತ್ತಾರೆಯೇ? ಆಡಿದರೆ ಊಟಕ್ಕೆ ಕುಳಿತವರು ನಕ್ಕಾರು! ಪ್ಯಾಸಿವ್ ವಾಯ್ಸನ್ನು ಈ ‘ಅಲ್ಪಟ್ಟಿತು’ವಿನ ಮೂಲಕವೇ ಕಲಿಸುವುದರಿಂದ ಮಕ್ಕಳಿಗೆ ಅದು ಬೇರೆ ಲೋಕದ ವಸ್ತುವಿನಂತೆ ಕಾಣುತ್ತದೆ.

ನಿಜಕ್ಕೂ ಆ ಕೆಲಸವನ್ನು ನಾವು ಬೇರೆ ರೀತಿಯಲ್ಲಿ ದಿನವೂ ಮಾಡುತ್ತೇವೆ. ‘ಈ ಸೇತುವೆ ಕಟ್ಟಿದ್ದು ಯಾವಾಗ?’ ಎಂದು ಕೇಳುತ್ತೇವೆ. ಕಟ್ಟಿದವರು ಯಾರೆಂಬುದು ಮಾತಿನಲ್ಲೇ ಇಲ್ಲ. ಇಂಗ್ಲಿಷಿನಲ್ಲಿ ಇದೇ ‘ವೆನ್ ವಾಸ್ ದಿಸ್ ಬ್ರಿಡ್ಜ್ ಬಿಲ್ಟ್?’ ‘ಬೆಣ್ಣೆಯಿಂದ ತುಪ್ಪ ಮಾಡ್ತಾರೆ’ ಎನ್ನುತ್ತೇವೆ. ಯಾರು ಮಾಡ್ತಾರೆ? ಯಾರೋ ಮಾಡ್ತಾರೆ, ಅದಲ್ಲ ಮುಖ್ಯ. ಇಂಗ್ಲಿಷಿನಲ್ಲಿ ‘ಘೀ ಈಸ್ ಮೇಡ್ ಫ್ರಮ್ ಬಟರ್’.

ಮೂರನೆಯ ಬಗೆ ಪತ್ರಿಕೆ ಓದುವವರಿಗೆಲ್ಲ ಗೊತ್ತು: ‘ತನಿಖೆ ನಡೆಸಲಾಗುತ್ತಿದೆ’, ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’. ಕ್ರಮ ಕೈಗೊಳ್ಳುವವರು ಯಾರು? ವಾಕ್ಯ ಬಾಯಿ ಬಿಡುವುದಿಲ್ಲ! ಅಂದರೆ ಕರ್ತೃವನ್ನು ಮರೆಗೆ ಸರಿಸುವ ವಿದ್ಯೆ ನಮ್ಮ ಮಕ್ಕಳಿಗೆ ಹುಟ್ಟಿನಿಂದಲೇ ಬಂದಿದೆ. ಇಂಗ್ಲಿಷಿನಲ್ಲಿ ಅದರ ಉಡುಪು ಬೇರೆ, ಅಷ್ಟೇ.

ಎರಡು ತುಂಡುಗಳ ಉಡುಪು

ಆ ಉಡುಪಿನಲ್ಲಿ ಎರಡೇ ತುಂಡು. ಒಂದು ಈಸ್, ಆರ್, ವಾಸ್, ವರ್ ಗುಂಪಿನ ಪದ. ಇನ್ನೊಂದು ಕ್ರಿಯಾಪದದ ಮೂರನೆಯ ರೂಪ, ಅಂದರೆ ‘ಗೋ, ವೆಂಟ್, ಗಾನ್’ ಪಟ್ಟಿಯ ಕೊನೆಯ ಕಲಮು. ಕಾಲ ಬದಲಾದಾಗ ಮೊದಲ ತುಂಡು ಮಾತ್ರ ಬದಲಾಗುತ್ತದೆ, ಎರಡನೆಯದು ಕದಲುವುದಿಲ್ಲ.

ಬಾಲ್‌ಪಾಯಿಂಟ್ ಪೆನ್ನನ್ನು ನೋಡಿ. ಹಂಗೆರಿಯ ಪತ್ರಕರ್ತ ಲಾಸ್ಲೊ ಬೀರೊ, ಮುದ್ರಣದ ಶಾಯಿ ಬೇಗ ಒಣಗುವುದನ್ನು ಗಮನಿಸಿ, ರಸಾಯನಶಾಸ್ತ್ರ ಬಲ್ಲ ತನ್ನ ಸೋದರನ ನೆರವಿನಿಂದ ಇದನ್ನು ರೂಪಿಸಿ 1938ರಲ್ಲಿ ಪೇಟೆಂಟ್ ಪಡೆದ. ಇಂಗ್ಲೆಂಡಿನಲ್ಲಿ ಈ ಪೆನ್ನನ್ನು ಇಂದಿಗೂ ‘ಬೀರೊ’ ಎಂದೇ ಕರೆಯುತ್ತಾರೆ. ಈಗ ವಾಕ್ಯಗಳು: ‘ಇಟ್ ವಾಸ್ ಪೇಟೆಂಟೆಡ್ ಇನ್ 1938’ (ಆದದ್ದು). ‘ಇಟ್ ಈಸ್ ಯೂಸ್ಡ್ ಎವ್ರಿವೇರ್’ (ಸದಾ ಆಗುವುದು). ‘ಇಟ್ ಈಸ್ ಬೀಯಿಂಗ್ ಯೂಸ್ಡ್ ನೌ’ (ಈಗ ಆಗುತ್ತಿರುವುದು). ‘ಇಟ್ ಹ್ಯಾಸ್ ಬೀನ್ ಇಂಪ್ರೂವ್ಡ್’ (ಆಗಿರುವುದು). ‘ಇಟ್ ವಿಲ್ ಬಿ ಯೂಸ್ಡ್ ಟುಮಾರೊ’ (ಆಗಲಿರುವುದು).

ಒಂದು ಎಚ್ಚರಿಕೆ. ‘ದಿ ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್’, ‘ಹಿ ವಾಸ್ ಡೈಡ್’ ಎಂದು ಬರೆಯುವವರು ಬಹಳ. ಅಕರ್ಮಕ ಧಾತುವಿಗೆ ಕರ್ಮಣಿ ಪ್ರಯೋಗವಿಲ್ಲ ಎಂದು ಕನ್ನಡದ ಮೇಷ್ಟ್ರು ಹೇಳಿಕೊಟ್ಟದ್ದು ಇಲ್ಲಿಗೂ ಸಲ್ಲುತ್ತದೆ. ‘ಏನನ್ನು?’ ಎಂಬ ಪ್ರಶ್ನೆಗೆ ಉತ್ತರ ಕೊಡದ ಕ್ರಿಯಾಪದಕ್ಕೆ ಪ್ಯಾಸಿವ್ ತೊಡಿಸಬೇಡಿ. ಏನನ್ನು ಮಾಡಿದ? ಪೆನ್ನನ್ನು, ಸರಿ. ಏನನ್ನು ಸತ್ತ? ಅರ್ಥವೇ ಇಲ್ಲ.

‘ಬೈ’ ಎಲ್ಲಿ ಬೇಕು, ಎಲ್ಲಿ ಬೇಡ

ಪರೀಕ್ಷೆಯ ಅಭ್ಯಾಸದಿಂದಾಗಿ ‘ಬೈ’ ಇಲ್ಲದ ಪ್ಯಾಸಿವ್ ಕಂಡರೆ ಮಕ್ಕಳಿಗೆ ಏನೋ ಕೊರತೆಯಾದಂತೆ ಅನ್ನಿಸುತ್ತದೆ. ವಾಸ್ತವವಾಗಿ ಅದು ಬೇಡವಾದ ಕಡೆಗಳೇ ಹೆಚ್ಚು. ಚಕ್ರವನ್ನು ಮಾಡಿದವರು ಯಾರೆಂದು ಚರಿತ್ರೆಗೆ ತಿಳಿಯದು. ಹಾಗಾಗಿ ‘ದಿ ವೀಲ್ ವಾಸ್ ಇನ್ವೆಂಟೆಡ್ ಥೌಸಂಡ್ಸ್ ಆಫ್ ಇಯರ್ಸ್ ಅಗೊ’ ಎಂದರೆ ಸಾಕು. ‘ಬೈ ಸಮ್‌ಒನ್’ ಎಂದು ಸೇರಿಸಿದರೆ ಹೊಸದೇನೂ ಹೇಳಿದಂತಾಗುವುದಿಲ್ಲ. ‘ಲೆಟರ್ಸ್ ಆರ್ ಡೆಲಿವರ್ಡ್ ಎವ್ರಿ ಮಾರ್ನಿಂಗ್’ ಎಂದಾಗ ‘ಬೈ ದಿ ಪೋಸ್ಟ್‌ಮ್ಯಾನ್’ ಹೇಳದೆಯೂ ತಿಳಿಯುತ್ತದೆ.

ಆದರೆ ಕೆಲವು ಕಡೆ ‘ಬೈ’ ಬಿಡುವುದು ಅನ್ಯಾಯ. ಬಸ್ಸಿನ ಮುಂಗಾಜಿನ ಮೇಲೆ ಮಳೆನೀರು ಒರೆಸುವ ವೈಪರಿಗೆ ಅಮೆರಿಕದ ಮೇರಿ ಆಂಡರ್ಸನ್ ಎಂಬ ಮಹಿಳೆ 1903ರಲ್ಲಿ ಪೇಟೆಂಟ್ ಪಡೆದರು. ಅದರಿಂದ ಅವರಿಗೆ ಹಣ ಬರಲಿಲ್ಲ. ಇಂಗ್ಲೆಂಡಿನ ಔಷಧಿ ವ್ಯಾಪಾರಿ ಜಾನ್ ವಾಕರ್ ಗೀರಿದರೆ ಹೊತ್ತುವ ಬೆಂಕಿಕಡ್ಡಿಯನ್ನು 1827ರಲ್ಲಿ ಮಾರತೊಡಗಿದ, ಪೇಟೆಂಟನ್ನೇ ಮಾಡಿಸಲಿಲ್ಲ. ಇಂಥವರ ಹೆಸರನ್ನು ವಾಕ್ಯದ ಕೊನೆಗಾದರೂ ತರಬೇಕು: ‘ದಿ ವೈಪರ್ ವಾಸ್ ಇನ್ವೆಂಟೆಡ್ ಬೈ ಮೇರಿ ಆಂಡರ್ಸನ್.’ ಎರಡಕ್ಷರದ ‘ಬೈ’ ಕೇವಲ ವ್ಯಾಕರಣವಲ್ಲ, ಸಲ್ಲಬೇಕಾದವರಿಗೆ ಸಲ್ಲಿಸುವ ಮರ್ಯಾದೆ.

ಒಂದು ‘ಇಂದ’, ಹಲವು ಇಂಗ್ಲಿಷ್

ಕನ್ನಡದ ‘ಇಂದ’ ಬಲು ಉಪಕಾರಿ ಪ್ರತ್ಯಯ, ಎಲ್ಲ ಕೆಲಸಕ್ಕೂ ಒದಗುತ್ತದೆ. ಇಂಗ್ಲಿಷಿನಲ್ಲಿ ಒಂದೊಂದು ಕೆಲಸಕ್ಕೂ ಬೇರೆ ಆಳು. ಮಾಡಿದ ವ್ಯಕ್ತಿಯಾದರೆ ‘ಬೈ’. ಹಿಡಿದ ಉಪಕರಣವಾದರೆ ‘ವಿತ್’: ‘ವೆಜಿಟಬಲ್ಸ್ ಆರ್ ಕಟ್ ವಿತ್ ಎ ನೈಫ್’. ವಸ್ತು ತನ್ನ ರೂಪದಲ್ಲೇ ಕಣ್ಣಿಗೆ ಕಾಣುವಂತಿದ್ದರೆ ‘ಆಫ್’: ‘ದಿ ಟೇಬಲ್ ಈಸ್ ಮೇಡ್ ಆಫ್ ವುಡ್’. ಗುರುತು ಸಿಗದಷ್ಟು ಬದಲಾಗಿದ್ದರೆ ‘ಫ್ರಮ್’: ‘ಪೇಪರ್ ಈಸ್ ಮೇಡ್ ಫ್ರಮ್ ವುಡ್’. ಮೇಜಿನಲ್ಲಿ ಮರ ಕಾಣುತ್ತದೆ, ಕಾಗದದಲ್ಲಿ ಕಾಣುವುದಿಲ್ಲ.

‘ಕಂಡುಹಿಡಿ’ ಎಂಬ ಪದವೂ ಹಾಗೆಯೇ. ಬೆಲ್ ಟೆಲಿಫೋನ್ ಕಂಡುಹಿಡಿದ, ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದ, ಅಜ್ಜ ಕಳೆದುಹೋದ ಬೀಗದ ಕೈ ಕಂಡುಹಿಡಿದ! ಇಂಗ್ಲಿಷಿನಲ್ಲಿ ಮೂರೂ ಬೇರೆ. ಇಲ್ಲದ್ದನ್ನು ಹೊಸದಾಗಿ ಮಾಡಿದರೆ ‘ಇನ್ವೆಂಟೆಡ್’. ಟೆಲಿಫೋನಿಗೆ ಬೆಲ್ ಪೇಟೆಂಟ್ ಪಡೆದದ್ದು 1876ರಲ್ಲಿ. ಪ್ರಕೃತಿಯಲ್ಲಿ ಮೊದಲೇ ಇದ್ದು ಯಾರಿಗೂ ತಿಳಿಯದ್ದನ್ನು ಕಂಡರೆ ‘ಡಿಸ್ಕವರ್ಡ್’. 1928ರಲ್ಲಿ ಪೆನಿಸಿಲಿನ್, ಅದೇ ವರ್ಷ ನಮ್ಮ ಸಿ.ವಿ. ರಾಮನ್ ಅವರ ರಾಮನ್ ಪರಿಣಾಮ. ಬೀಗದ ಕೈ ಮಾತ್ರ ‘ಫೌಂಡ್’.

ಮೈಸೂರಿನ ಶಾಯಿ

ಇಷ್ಟನ್ನೂ ಒಟ್ಟಿಗೆ ಬಳಸಿ ನೋಡಲು ನಮ್ಮದೇ ಒಂದು ವಸ್ತುವಿದೆ: ಮತದಾನದ ದಿನ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ. ಇದನ್ನು ರೂಪಿಸಿದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ತಯಾರಿಸುವುದು ಮೈಸೂರಿನ ಸರ್ಕಾರಿ ಕಂಪನಿ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಕಾರ್ಖಾನೆ. ಈ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಮೇಲೆ ಬೆಳಕಿಗೆ ಕಪ್ಪಾಗಿ ಅಂಟಿಕೊಳ್ಳುತ್ತದೆ.

‘ದಿ ಇಂಕ್ ವಾಸ್ ಡೆವಲಪ್ಡ್ ಇನ್ ಡೆಲ್ಲಿ. ಇಟ್ ವಾಸ್ ಫಸ್ಟ್ ಯೂಸ್ಡ್ ಇನ್ ದಿ ಜನರಲ್ ಎಲೆಕ್ಷನ್ ಆಫ್ 1962. ಇಟ್ ಈಸ್ ಮೇಡ್ ಇನ್ ಮೈಸೂರು. ಇಟ್ ಈಸ್ ಅಪ್ಲೈಡ್ ಟು ದಿ ಲೆಫ್ಟ್ ಫೋರ್‌ಫಿಂಗರ್. ಇಟ್ ಕೆನಾಟ್ ಬಿ ವಾಷ್ಡ್ ಆಫ್ ಈಸಿಲಿ. ದಿ ಮಾರ್ಕ್ ಸ್ಟೇಸ್ ಫಾರ್ ಮೆನಿ ಡೇಸ್. ದಿ ಇಂಕ್ ಈಸ್ ಆಲ್ಸೊ ಸೆಂಟ್ ಟು ಅದರ್ ಕಂಟ್ರೀಸ್.’

ಏಳು ವಾಕ್ಯ, ಆರು ಪ್ಯಾಸಿವ್. ಒಂದರಲ್ಲೂ ‘ಬೈ’ ಇಲ್ಲ, ಆದರೂ ಕೊರತೆ ಕಾಣುವುದಿಲ್ಲ. ‘ಸ್ಟೇಸ್’ ಅಕರ್ಮಕವಾದ್ದರಿಂದ ಆ ವಾಕ್ಯ ಮಾತ್ರ ಆಕ್ಟಿವ್. ಇಡೀ ಭಾಗವನ್ನು ಆಕ್ಟಿವ್‌ನಲ್ಲೇ ಬರೆಯಲು ಹೊರಟರೆ ವಾಕ್ಯಕ್ಕೊಬ್ಬ ಹೊಸ ಕರ್ತೃವನ್ನು ಹುಡುಕಬೇಕು. ವಿಜ್ಞಾನಿಗಳು, ಕಾರ್ಮಿಕರು, ಮತಗಟ್ಟೆಯ ಸಿಬ್ಬಂದಿ ಎಲ್ಲರೂ ಬಂದು, ಶಾಯಿ ಹಿಂದೆ ಉಳಿದುಬಿಡುತ್ತದೆ.

ಪೋಷಕರು ಮಾಡಬಹುದಾದ್ದು

‘ನಮಗೇ ಇಂಗ್ಲಿಷ್ ಬರಲ್ಲ, ಮಗುವಿಗೆ ಏನು ಹೇಳಿಕೊಡೋಣ?’ ಎಂದು ಟ್ಯೂಷನ್ನಿನ ಬಾಗಿಲು ಹುಡುಕುವ ತಂದೆತಾಯಂದಿರಿಗೆ ಒಂದು ಮಾತು. ಈ ಪಾಠದಲ್ಲಿ ಕಷ್ಟವಾದದ್ದು ಉತ್ತರವಲ್ಲ, ಪ್ರಶ್ನೆ. ಪ್ರಶ್ನೆ ಕನ್ನಡದಲ್ಲೇ ಇರಬಹುದು. ಸಂಜೆ ಅಡುಗೆ ಮಾಡುತ್ತ ಯಾವುದಾದರೂ ಒಂದು ಸಾಮಾನು ತೋರಿಸಿ ನಾಲ್ಕು ಪ್ರಶ್ನೆ ಕೇಳಿ: ಇದನ್ನು ಯಾವುದರಿಂದ ಮಾಡ್ತಾರೆ? ಯಾವುದಕ್ಕೆ ಬಳಸ್ತಾರೆ? ಎಲ್ಲಿ ಇಡ್ತಾರೆ? ಕಂಡುಹಿಡಿದದ್ದು ಯಾವಾಗ, ಯಾರು?

ಮಗು ಇಂಗ್ಲಿಷಿನಲ್ಲಿ ಉತ್ತರ ಹೇಳಲಿ, ಆಮೇಲೆ ಬರೆಯಲಿ. ಈಳಿಗೆಮಣೆ ತೋರಿಸಿದಿರೆನ್ನಿ. ‘ಇಟ್ ಈಸ್ ಮೇಡ್ ಆಫ್ ವುಡ್ ಅಂಡ್ ಐರನ್. ವೆಜಿಟಬಲ್ಸ್ ಆರ್ ಕಟ್ ವಿತ್ ಇಟ್. ಇಟ್ ಈಸ್ ಕೆಪ್ಟ್ ಇನ್ ದಿ ಕಿಚನ್.’ ನಾಲ್ಕನೆಯ ಪ್ರಶ್ನೆಗೆ ಯಾವ ವಿಶ್ವಕೋಶದಲ್ಲೂ ಹೆಸರು ಸಿಗಲಿಕ್ಕಿಲ್ಲ, ಅದೂ ಉತ್ತರವೇ. ಕುಕ್ಕರ್ ತೋರಿಸಿದರೆ ಮಗು ಗ್ರಂಥಾಲಯದತ್ತ ಹೋಗಬೇಕಾಗುತ್ತದೆ. ಅಲ್ಲಿ ಫ್ರಾನ್ಸಿನ ಡೆನಿ ಪಾಪಿನ್ 1679ರಲ್ಲಿ ಲಂಡನ್ನಿನಲ್ಲಿ ಮಾಡಿದ ಮುಚ್ಚಿದ ಹಬೆಪಾತ್ರೆಯ ಕಥೆ ಸಿಗುತ್ತದೆ. ಹೆಚ್ಚಾದ ಹಬೆ ಹೊರಹೋಗಲೆಂದು ಅವನು ಅಳವಡಿಸಿದ ಕವಾಟದ ಕೆಲಸವನ್ನೇ ನಮ್ಮ ಕುಕ್ಕರಿನ ಕವಾಟವೂ ಮಾಡುವುದು.

ಉತ್ತರ ತಪ್ಪೋ ಸರಿಯೋ ತಿಳಿಯದಿದ್ದರೆ ಎರಡೇ ವಿಷಯ ನೋಡಿ. ಈಸ್, ಆರ್, ವಾಸ್, ವರ್ ಇವುಗಳಲ್ಲಿ ಒಂದು ಇದೆಯೇ? ಅದರ ಮುಂದಿನ ಪದ ಪಟ್ಟಿಯ ಮೂರನೆಯ ಕಲಮಿನದೇ? ಮಿಕ್ಕದ್ದನ್ನು ಮರುದಿನ ಮೇಷ್ಟ್ರು ತಿದ್ದುತ್ತಾರೆ. ದಿನಕ್ಕೊಂದು ಸಾಮಾನಿನಂತೆ ತಿಂಗಳು ಕಳೆಯುವುದರೊಳಗೆ ನೂರು ವಾಕ್ಯಗಳಾಗುತ್ತವೆ, ಎಲ್ಲವೂ ಮಗುವಿನ ಸ್ವಂತದ್ದು.

ಈ ವಾರಕ್ಕೆ ಐದು ವಸ್ತು: ಛತ್ರಿ, ಸಾಬೂನು, ಬೀಗ, ಸೈಕಲ್, ಒರಳುಕಲ್ಲು. ಪ್ರಶ್ನೆ ಅಮ್ಮನದು, ಉತ್ತರ ಮಗುವಿನದು. ಪ್ರಾರಂಭಿಸಿ.