ಊರು ಕಾಣದ ಊರುಗಳು

ದಸರಾ ರಜೆಯಲ್ಲಿ ಶಿರಸಿ, ಸಿದ್ದಾಪುರದ ಕಡೆ ಹೊರಟ ಬಯಲುಸೀಮೆಯವರು ಮೊದಲು ಹುಡುಕುವುದು ಊರನ್ನೇ. ನಾಮಫಲಕ ದಾಟಿ ನಾಲ್ಕು ತಿರುವು ಕಳೆದರೂ ಕೇರಿಯಿಲ್ಲ, ಅರಳಿಕಟ್ಟೆಯಿಲ್ಲ, ಚಾ ಅಂಗಡಿಯೂ ಇಲ್ಲ. ನಮ್ಮ ಜೊತೆಗಿದ್ದವರು ಮ್ಯಾಪನ್ನು ಬೈದರು. ಅದರದ್ದೇನೂ ತಪ್ಪಿರಲಿಲ್ಲ, ನಾವು ಊರೊಳಗೇ ಇದ್ದೆವು. ಇಲ್ಲಿ ಊರೆಂದರೆ ಗುಡ್ಡದ ಮಗ್ಗುಲಲ್ಲೊಂದು, ಹಳ್ಳದಾಚೆ ಇನ್ನೊಂದು ಎಂದು ಚೆದುರಿದ ಹೆಂಚಿನ ಮನೆಗಳು. ಅಡಿಕೆಗೆ ತಂಪು ಬೇಕು, ನೀರು ಬೇಕು. ಹಾಗಾಗಿ ತೋಟ ಕಣಿವೆಯ ತಳಕ್ಕಿಳಿಯಿತು, ಮನೆ ಅದರ ನೆತ್ತಿಯ ಮೇಲೆ ಕೂತಿತು.

ಜಗಲಿ ಹತ್ತಿದೊಡನೆ ಕೈಕಾಲಿಗೆ ನೀರು, ಹಿಂದೆಯೇ "ಆಸರಿಗೆ ಎಂತ ಬೇಕು?", ಅಂದರೆ ಕುಡಿಯಲು ಏನು ಬೇಕು ಎಂಬ ಪ್ರಶ್ನೆ. ಊಟಕ್ಕೆ ಒಂದೆಲಗದ ತಂಬುಳಿ, ಬಾಳೆಲೆಯ ತುದಿಗೊಂದು ಅಪ್ಪೆಮಿಡಿ. ಹೊಳೆದಂಡೆಯ ಕಾಡುಮಾವಿನ ಎಳೆಗಾಯಿ ಅದು. ಮೊದಲು ಉಪ್ಪಿನಲ್ಲಿ ಸುಕ್ಕುಗಟ್ಟಬೇಕು, ಆಮೇಲೆ ಖಾರ. ಹಲ್ಲಿಗೆ ಸಿಕ್ಕ ಮಿಡಿ ಕಟಕ್ಕೆಂದಾಗ ಸೊನೆಯ ಘಮ ಮೂಗಿಗೇರುತ್ತದೆ. ಅಂಗಡಿಯ ಬಾಟಲಿಯಲ್ಲಿ ಸಿಗುವುದು ಇದರ ಹೆಸರು ಮಾತ್ರ!

ಅಘನಾಶಿನಿ 116 ಮೀಟರ್ ಧುಮುಕುವ ಉಂಚಳ್ಳಿಯನ್ನು ಎಲ್ಲರೂ ನೋಡುತ್ತಾರೆ, ನಾವೂ ನೋಡಿದೆವು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೊಪ್ಪಿನ ಬೆಟ್ಟ. ದಾರಿಬದಿಯ ಹಸಿರೆಲ್ಲ ತಾನಾಗಿ ಬೆಳೆದ ಕಾಡು ಎಂದುಕೊಂಡೇ ನಾವು ಫೋಟೊ ತೆಗೆಯುತ್ತೇವೆ. ಅದರಲ್ಲಿ ಬಹಳಷ್ಟು ತೋಟದ ಜೊತೆಗೇ ಬಂದದ್ದು. ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಎಂಬುದು ಉತ್ತರ ಕನ್ನಡದ ಹಳೆಯ ಲೆಕ್ಕ. ನೆಲ ಸರ್ಕಾರದ್ದು, ಸೊಪ್ಪು ಮತ್ತು ದರಕು, ಅಂದರೆ ಉದುರಿದ ಒಣ ಎಲೆ, ರೈತನದ್ದು. ದರಕು ಗುಡಿಸಿ ಕೊಟ್ಟಿಗೆಗೆ ಹಾಸಿ, ಅದು ಗೊಬ್ಬರವಾಗಿ ತೋಟಕ್ಕಿಳಿಯುವಷ್ಟರಲ್ಲಿ ಎಷ್ಟು ಬೆನ್ನುಗಳು ಬಾಗಿರುತ್ತವೋ. ಮಳೆ ಹಿಡಿದರೆ ಕೊಳೆರೋಗದ ಭಯ ಬೇರೆ. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ಈ ಬೋರ್ಡೋ ದ್ರಾವಣ ಹಿಡಿದು ಪಾಚಿಗಟ್ಟಿದ ಮರ ಹತ್ತುವ ಕೊನೆಗೌಡರು ಈಗ ಸಿಗುವುದು ಕಷ್ಟ. ಕೆಲವರು ನೆಲದ ಮೇಲೇ ನಿಂತು ಫೈಬರ್ ದೋಟಿಯಿಂದ ಔಷಧಿ ಹೊಡೆಯುತ್ತಾರೆ. ಎಲೆಚುಕ್ಕಿ ರೋಗ ಈಚಿನ ತಲೆನೋವು.

ದೊಡ್ಡ ಮನೆ, ಮೇಲೆ ಖಾಲಿ ಅಟ್ಟ, ಒಳಗೆ ಇಬ್ಬರೇ ವಯಸ್ಸಾದವರು: ಇದನ್ನು ಒಂದಲ್ಲ, ಹಲವು ಕಡೆ ಕಂಡೆ. ಮಕ್ಕಳು ಬೆಂಗಳೂರಿನಲ್ಲಿ. ಹೋಂಸ್ಟೇ ಬೋರ್ಡು ಹಾಕಿದವರನ್ನು ಶೋಕಿಯವರು ಎಂದು ಮೂದಲಿಸುವುದು ಸುಲಭ. ಆ ಬಾಡಿಗೆಯಿಂದ ಹೆಂಚಿನ ಮಾಡು ಸೋರದೆ ಉಳಿದಿದ್ದರೆ ನನಗಂತೂ ತಕರಾರಿಲ್ಲ.

ಹೋಗುವವರಿಗೆ ಒಂದು ಮಾತು. ಜಲಪಾತ ನೋಡಲು ಮಳೆಗಾಲದ ಬೆನ್ನಿಗೆ ಹೋಗಿ, ಊರು ನೋಡಬೇಕಿದ್ದರೆ ಡಿಸೆಂಬರ್‌ಗೆ. ಆಗ ನೀರು ಸಣ್ಣಗಾಗಿರುತ್ತದೆ, ಕೊನೆಕೊಯ್ಲು ಜೋರಾಗಿರುತ್ತದೆ. ಯಂತ್ರ ಬಾರದ ಮನೆಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರು ಸಿಗುತ್ತಾರೆ. ಕೈ ಬಿಡುವಿಲ್ಲದಿದ್ದರೂ ಅವರಿಗೆ ಬಾಯಿ ಬಿಡುವಿರುತ್ತದೆ, ಮಾತಾಡಿಸಿ.